ತೆರೆಯ ಮೇಲಣ ಎನ್‌ಫೀಲ್ಡ್ ಬಂದೂಕು

ಚಲಚ್ಚಿತ್ರದಲ್ಲಿ ಯುದ್ಧದ ದೃಶ್ಯ ಬಂದೊಡನೆ ಮನೆಯ ಹುಡುಗರು ಕುಳಿತ ಸ್ಥಳದಿಂದ ಮುಂದಕ್ಕೆ ಜರುಗುವುದೂ, ಹಿರಿಯರು ಸದ್ದು ಕಡಮೆ ಮಾಡುವಂತೆ ಗದರುವುದೂ ಎಲ್ಲರ ಮನೆಗಳಲ್ಲಿಯೂ ನಡೆಯತಕ್ಕ ಸಂಗತಿ. ಹೊಗೆ, ಕೂಗು, ಕುದುರೆಗಳ ಓಟ, ಕತ್ತಿಗಳ ಮಿಂಚು ಇವುಗಳ ನಡುವೆ ಸಿಪಾಯಿಯ ಕೈಯಲ್ಲಿರುವ ಬಂದೂಕು ಎಂತಹುದು, ಅದನ್ನು ಅವನು ಹೇಗೆ ತುಂಬುತ್ತಾನೆ, ತುಂಬುತ್ತಾನೆಯೋ ಇಲ್ಲವೋ ಎಂಬುದನ್ನು ನೋಡುವವರು ವಿರಳ. ಬಂದೂಕು ಎಂದಮೇಲೆ ಢಂ ಎಂದರಾಯಿತು ಎಂಬುದು ಚಿತ್ರ ತೆಗೆಯುವವರ ಭಾವನೆ, ನೋಡುವವರದೂ ಅದೇ. ಆದರೆ ನಮ್ಮ ದೇಶದ ಚರಿತ್ರೆಯಲ್ಲಿ ಒಂದು ಬಂದೂಕು ಇದೆ. ಅದರ ಸದ್ದಿಗಿಂತಲೂ ಅದನ್ನು ತುಂಬುವ ರೀತಿಯೇ ಒಂದು ರಾಜ್ಯವನ್ನು ನಡುಗಿಸಿತು. ಅದೇ 1853ನೆಯ ಮಾದರಿಯ ಎನ್‌ಫೀಲ್ಡ್ ಬಂದೂಕು. 1857ರ ಸಂಗತಿಗಳನ್ನು ಈಗಿನ ಮಕ್ಕಳು ಪಾಠದ ಪುಸ್ತಕದಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ತೆರೆಯಿಂದ ಕಲಿಯುತ್ತಿರುವುದರಿಂದ, ತೆರೆಯು ಇದನ್ನು ಹೇಗೆ ತೋರಿಸುತ್ತದೆಂಬುದು ಗೃಹಸ್ಥರೂ ವಿಚಾರಿಸತಕ್ಕ ವಿಷಯವೇ ಆಗಿದೆ.

ಎನ್‌ಫೀಲ್ಡ್ ಎಂಬುದು ಲಂಡನ್ ಪಟ್ಟಣದ ಉತ್ತರಕ್ಕಿರುವ ಊರು. ಅಲ್ಲಿ ಸರಕಾರದ ಬಂದೂಕಿನ ಕಾರ್ಖಾನೆಯಿತ್ತು. ಹೆಸರು ಊರಿನಿಂದ ಬಂದಿತು. ಸಂಖ್ಯೆ ಮಾದರಿಯನ್ನು ಅಂಗೀಕರಿಸಿದ ವರ್ಷದಿಂದ ಬಂದಿತು. ಬರ್ಮಿಂಗ್‌ಹ್ಯಾಮಿನ ಖಾಸಗಿ ಕೆಲಸಗಾರರೂ ಇದೇ ಮಾದರಿಯನ್ನು ಲಕ್ಷಗಟ್ಟಲೆ ಮಾಡಿದರು. ಉದ್ದ ಸುಮಾರು 55 ಅಂಗುಲ, ಎಂದರೆ ಸಾಧಾರಣ ಮನುಷ್ಯನ ಗದ್ದಕ್ಕೆ ಸ್ವಲ್ಪ ಕೆಳಗೆ ಬರುವಷ್ಟು. ತೂಕ ಒಂಬತ್ತು ಒಂಬತ್ತೂವರೆ ಪೌಂಡು. ನಳಿಗೆಯ ಉದ್ದ 39 ಅಂಗುಲ, ಅದರ ಬಾಯಿಯ ಅಗಲ ಅಂಗುಲದ ಸಾವಿರ ಭಾಗದಲ್ಲಿ 577 ಭಾಗ. ನಳಿಗೆಯನ್ನು ಮರಕ್ಕೆ ಕಟ್ಟಲು ಮೂರು ಕಬ್ಬಿಣದ ಪಟ್ಟಿಗಳಿವೆ. ತೆರೆಯ ಮೇಲೆ ಇದನ್ನು ಗುರುತಿಸಲು ಈ ಮೂರು ಪಟ್ಟಿಗಳೇ ಸುಲಭವಾದ ಕುರುಹು. ಇದಕ್ಕೆ ಮುಂಚೆ ಕಂಪೆನಿಯ ಸಿಪಾಯಿಗಳ ಹೆಗಲ ಮೇಲಿದ್ದ ಬ್ರೌನ್ ಬೆಸ್ ಎಂಬ ಹಳೆಯ ಬಂದೂಕಿನ ನಳಿಗೆಯ ಒಳಮೈ ಬಿದಿರಿನ ಅಂಡೆಯ ಹಾಗೆ ನುಣುಪಾಗಿತ್ತು. ಅದರ ಗುಂಡು ನಳಿಗೆಯೊಳಗೆ ಅತ್ತಿತ್ತ ತಾಗುತ್ತ ಹೊರಟು, ನೂರು ಗಜ ದಾಟಿದರೆ ಎಲ್ಲಿಗೆ ಹೋಗುತ್ತದೆಂದು ಹೇಳುವಂತಿರಲಿಲ್ಲ. ಎನ್‌ಫೀಲ್ಡಿನ ನಳಿಗೆಯೊಳಗೆ ಮೂರು ಸುರುಳಿ ತೋಡುಗಳನ್ನು ಕೊರೆದಿದ್ದರು. ತೋಡುಗಳು ನಳಿಗೆಯ ಬುಡದಿಂದ ಬಾಯಿಗೆ ಬರುವಷ್ಟರಲ್ಲಿ ಅರ್ಧ ಸುತ್ತು ತಿರುಗುತ್ತವೆ. ಆ ಅರ್ಧ ಸುತ್ತಿನಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೊರಟು ನೇರವಾಗಿ ಹಾರುತ್ತದೆ. ಅದರ ಗುರಿಪಟ್ಟಿಯ ಮೇಲೆ 900 ಗಜದವರೆಗೆ ಗುರುತುಗಳಿದ್ದುವು. ಅಷ್ಟು ದೂರದಲ್ಲಿ ಒಬ್ಬೊಬ್ಬನನ್ನೇ ಹೊಡೆಯುವುದು ಬರಿಯ ಮಾತು. ಆದರೆ ಮುನ್ನೂರು ಗಜದಲ್ಲಿ ನಿಂತವನನ್ನು ಕೆಡಹುವುದು ಅಭ್ಯಾಸವುಳ್ಳವನಿಗೆ ಸಾಧ್ಯವಾಯಿತು. ಹಳೆಯ ಬಂದೂಕಿನವನು ಗುರಿಯಿಡುವುದಕ್ಕೆ ಹತ್ತಿರ ಬರುವ ಮೊದಲೇ ಹೊಸ ಬಂದೂಕಿನವನು ಮೂರು ನಾಲ್ಕು ಸಲ ಹೊಡೆದು ಮುಗಿಸಬಹುದಾಗಿತ್ತು.

ಇದು ಬಾಯಿಂದ ತುಂಬುವ ಬಂದೂಕು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಇರುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅವರ ಅಟ್ಟದ ಮೇಲೋ ಗೋಡೆಯ ಗೂಟದಲ್ಲೋ ಇರುವ ಕೇಪಿನ ಕೋವಿ ಇದೇ ಕುಲಕ್ಕೆ ಸೇರಿದುದು: ಬಾಯಿಂದ ಮದ್ದು ಸುರಿದು, ಗಜದಿಂದ ಗಿಡಿದು, ಬುಡದ ಮೊಲೆಯ ಮೇಲೆ ತಾಮ್ರದ ಕೇಪು ಕೂಡಿಸಿ ಹೊಡೆಯುವುದು. ಬಯಲು ಸೀಮೆಯ ವಾಚಕರು ಮಾತ್ರ ಒಂದು ಸಂಗತಿಯನ್ನು ನೆನಪಿಡಬೇಕು. ಒಂದು ಗುಂಡು ಹಾರಿತೆಂದರೆ ಆ ಬಂದೂಕು ಬರಿಯ ಕೋಲು. ಮತ್ತೆ ಅದು ಬಂದೂಕಾಗಬೇಕಾದರೆ ಸಿಪಾಯಿಯು ನಿಂತ ನಿಲುವಿನಲ್ಲಿಯೇ ಹತ್ತು ಹನ್ನೆರಡು ಕೆಲಸಗಳನ್ನು ಕ್ರಮತಪ್ಪದೆ ಮಾಡಬೇಕು. ಚೆನ್ನಾಗಿ ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆಯುತ್ತಿದ್ದನು.

ಆ ಕೆಲಸಗಳನ್ನು ಸ್ವಲ್ಪ ನಿಧಾನವಾಗಿಯೇ ಹೇಳುವೆವು. ಏಕೆಂದರೆ ಮುಂದಿನ ಕಥೆಯೆಲ್ಲ ಅದರಲ್ಲಿಯೇ ಅಡಗಿದೆ. ಒಂದು ಹೊಡೆತಕ್ಕೆ ಬೇಕಾದ ಮದ್ದನ್ನೂ ಗುಂಡನ್ನೂ ಸೇರಿಸಿ ಕಾಗದದ ಕೊಳವೆಯಲ್ಲಿ ಸುತ್ತಿಡುತ್ತಿದ್ದರು. ಇದಕ್ಕೆ ಕಾಡತೂಸು ಎಂದು ಹೆಸರು. ಕೊಳವೆಯ ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ತಲೆಕೆಳಗಾಗಿಟ್ಟ ಸೀಸದ ಗುಂಡು. ಸಿಪಾಯಿಯು ಸೊಂಟದ ಚೀಲದಿಂದ ಒಂದು ಕಾಡತೂಸನ್ನು ತೆಗೆದು, ಮದ್ದಿರುವ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದನು. ಮದ್ದನ್ನು ನಳಿಗೆಯೊಳಕ್ಕೆ ಸುರಿದು, ಕೊಳವೆಯನ್ನು ತಿರುಗಿಸಿ, ಗುಂಡಿರುವ ಭಾಗವನ್ನು ಕಾಗದ ಸಮೇತ ನಳಿಗೆಯ ಬಾಯಿಗೆ ತುರುಕಿ, ಉಳಿದ ಕಾಗದವನ್ನು ಹರಿದು ಬಿಸುಡುತ್ತಿದ್ದನು. ಅನಂತರ ನಳಿಗೆಯ ಕೆಳಗಿನಿಂದ ಉಕ್ಕಿನ ಗಜವನ್ನು ಎಳೆದು ಗುಂಡನ್ನು ಬುಡದವರೆಗೆ ಇಳಿಸಿ, ಗಜವನ್ನು ಮತ್ತೆ ಅದರ ಸ್ಥಾನದಲ್ಲಿಟ್ಟು, ಸುತ್ತಿಗೆಯನ್ನು ಅರ್ಧ ಎತ್ತಿ, ಕೇಪು ಕೂಡಿಸಿ, ಪೂರ್ತಿ ಎತ್ತಿ ಗುರಿಯಿಡುತ್ತಿದ್ದನು. ಒಂದು ಕೈ ಬಂದೂಕನ್ನು ಹಿಡಿದಿರುವಾಗ ಇನ್ನೊಂದೇ ಕೈಯಿಂದ ಕಾಗದ ಹರಿಯುವುದು ತೊಡಕು. ಆದಕಾರಣ ಹಲ್ಲು ಮೂರನೆಯ ಕೈಯಾಯಿತು. ಅಮೆರಿಕದಲ್ಲಿ ಮುಂದೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಎದುರುಬದುರಿನ ಮುಂಬಲ್ಲುಗಳಿಲ್ಲದವರನ್ನು ಕಾಲಾಳಿನ ಕೆಲಸಕ್ಕೆ ಬೇಡವೆನ್ನುತ್ತಿದ್ದುದು ಈ ಕಾರಣದಿಂದಲೇ.

ಇನ್ನು ಕೊಬ್ಬಿನ ಮಾತು. ಸುರುಳಿ ತೋಡಿನ ಬಂದೂಕುಗಳು ಹಿಂದೆಯೂ ಇದ್ದುವು. ಆದರೆ ತೋಡುಗಳಿಗೆ ಗುಂಡು ಬಿಗಿಯಾಗಿ ಕೂಡಬೇಕಾಗಿದ್ದುದರಿಂದ ಅದನ್ನು ಬಾಯಿಂದ ಬಡಿದು ಬಡಿದು ಇಳಿಸಬೇಕಾಗಿತ್ತು. ಸಾಧಾರಣ ಸೈನ್ಯಕ್ಕೆ ಅಷ್ಟು ವ್ಯವಧಾನವೆಲ್ಲಿ? ಫ್ರೆಂಚ್ ಸೈನ್ಯದ ಮಿನಿಯೆ ಎಂಬಾತನು 1849ರ ಸುಮಾರಿಗೆ ಬುಡ ಟೊಳ್ಳಾದ, ಮೂತಿ ಚೂಪಾದ ಗುಂಡನ್ನು ಬಳಕೆಗೆ ತಂದನು. ಅದು ನಳಿಗೆಗಿಂತ ಸ್ವಲ್ಪ ಸಣ್ಣದಾಗಿರುವುದರಿಂದ ಸುಲಭವಾಗಿ ಇಳಿಯುತ್ತದೆ. ಮದ್ದು ಹತ್ತಿದಾಗ ಟೊಳ್ಳು ಬುಡ ಅರಳಿ ತೋಡುಗಳನ್ನು ಕಚ್ಚಿಕೊಳ್ಳುತ್ತದೆ. ಎನ್‌ಫೀಲ್ಡಿನ ಗುಂಡೂ ಇದೇ ಉಪಾಯದ್ದು. ಆದರೆ ಕರಿಮದ್ದು ಉರಿದಾಗ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಕೆಲವು ಹೊಡೆತಗಳಾದಮೇಲೆ ಆ ಮಸಿಯ ಮೇಲೆ ಗುಂಡು ಇಳಿಯದು. ಮಸಿಯನ್ನು ಮೆತ್ತಗಿಡುವುದಕ್ಕಾಗಿ ಗುಂಡಿನ ಭಾಗದ ಕಾಗದಕ್ಕೆ ಜಿಡ್ಡು ಸವರಲೇಬೇಕು. ಇಂಗ್ಲೆಂಡಿನಲ್ಲಿ ಅದಕ್ಕೆ ಪ್ರಾಣಿಗಳ ಕೊಬ್ಬನ್ನೂ ಜೇನುಮೇಣವನ್ನೂ ಬಳಸಿದರು. ಕಲ್ಕತ್ತೆಯ ಫೋರ್ಟ್ ವಿಲಿಯಮ್ಮಿನಲ್ಲಿ ಕಾಡತೂಸು ಮಾಡುವಾಗಲೂ ಹಾಗೆಯೇ ನಡೆಯಿತು. ಕೊಬ್ಬು ಯಾವ ಪ್ರಾಣಿಯದೆಂದು ಕೇಳಬೇಕೆಂದು ಅಲ್ಲಿ ಯಾರಿಗೂ ತೋರಲಿಲ್ಲ. ಇಂಗ್ಲೆಂಡಿನಲ್ಲಿ ಆ ಪ್ರಶ್ನೆ ಹುಟ್ಟಲಿಕ್ಕೇ ಕಾರಣವಿರಲಿಲ್ಲ. ಗಂಗಾತೀರದ ಬ್ರಾಹ್ಮಣ ರಜಪೂತ ಸಿಪಾಯಿಗಳ ಬಾಯಿಗೂ ಮುಸಲ್ಮಾನ ಸವಾರರ ಬಾಯಿಗೂ ಹೋಗತಕ್ಕ ವಸ್ತುವಿನ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳದೆ ಇದ್ದುದು ಅಲಕ್ಷ್ಯವಲ್ಲದೆ ಮತ್ತೇನು?

1857ನೆಯ ಜನವರಿಯಲ್ಲಿ ಕಲ್ಕತ್ತೆಯ ಹತ್ತಿರದ ಡಮ್‌ಡಮ್ಮಿನಲ್ಲಿ ಹೊಸ ಬಂದೂಕಿನ ಶಿಕ್ಷಣ ನಡೆಯುತ್ತಿತ್ತು. ಅಲ್ಲಿನ ಮದ್ದಿನ ಮನೆಯ ಆಳೊಬ್ಬನು ಬ್ರಾಹ್ಮಣ ಸಿಪಾಯಿಯೊಬ್ಬನ ಚೊಂಬಿನಿಂದ ನೀರು ಕೇಳಿದನಂತೆ. ಜಾತಿ ಕೆಡುವುದೆಂದು ಸಿಪಾಯಿ ಕೊಡಲಿಲ್ಲ. ಹಸುವಿನ ಕೊಬ್ಬನ್ನೂ ಹಂದಿಯ ಕೊಬ್ಬನ್ನೂ ಕಚ್ಚುವ ದಿನ ಹತ್ತಿರ ಬಂದಿರುವಾಗ ಈ ಜಾತಿ ಎಷ್ಟು ದಿನದ್ದು ಎಂಬ ಅರ್ಥದಲ್ಲಿ ಆಳು ಉತ್ತರ ಕೊಟ್ಟನೆಂದು ಸೈನ್ಯದ ಅಧಿಕಾರಿಯೊಬ್ಬನು ಆ ತಿಂಗಳೇ ಬರೆದು ಕಳುಹಿಸಿದನು. ಒಂದು ಚೊಂಬು ನೀರನ್ನು ನಿರಾಕರಿಸಿದುದರಿಂದ ಎದ್ದ ಮಾತು ದಂಡಿನಿಂದ ದಂಡಿಗೆ ಹರಡಿತು. ಇದರಲ್ಲಿ ನಮ್ಮ ಸಮಾಜ ನಾಚಿಕೊಳ್ಳಬೇಕಾದ ಅಂಶವೊಂದಿರುವುದನ್ನು ಚಿತ್ರಗಳು ಒಮ್ಮೊಮ್ಮೆ ಮರೆಮಾಡುತ್ತವೆ.

ಸರಕಾರವೂ ಸುಮ್ಮನೆ ಕುಳಿತಿರಲಿಲ್ಲ. ಜಿಡ್ಡಿಲ್ಲದ ಕಾಡತೂಸನ್ನು ಕೊಡುವೆವು, ಸಿಪಾಯಿಗಳೇ ತಮಗೆ ಒಪ್ಪುವ ಎಣ್ಣೆ ಮೇಣಗಳನ್ನು ಸವರಿಕೊಳ್ಳಲಿ ಎಂದು ಜನವರಿ ಮುಗಿಯುವುದರೊಳಗೇ ಅಪ್ಪಣೆಯಾಯಿತು. ಮಾರ್ಚಿಯಲ್ಲಿ ಕವಾಯತಿನ ಕ್ರಮವನ್ನೇ ಬದಲಾಯಿಸಿ, ಹಲ್ಲಿನಿಂದ ಕಚ್ಚುವ ಬದಲು ಬೆರಳಿನಿಂದ ಹರಿಯಬಹುದೆಂದರು. ಆದರೆ ಒಮ್ಮೆ ಕದಡಿದ ನೀರು ತಿಳಿಯಾಗುವುದೆಂತು? ಕ್ರಮವನ್ನು ಬದಲಾಯಿಸಿದುದೇ ಅಪವಾದ ನಿಜವೆಂಬುದಕ್ಕೆ ಸಾಕ್ಷಿಯೆಂದು ಕೆಲವರು ತಿಳಿದರು. ಕಾಗದದ ಹೊಳಪೇ ಕೊಬ್ಬಿನ ಹೊಳಪೆಂದರು ಕೆಲವರು. ಬಹರಾಮಪುರದ 19ನೆಯ ಪಲ್ಟಣಿಯವರು ಫೆಬ್ರವರಿ 26ರಂದು ಬೇಡವೆಂದ ಕಾಡತೂಸುಗಳು ಹೊಸ ಬಂದೂಕಿನವೇ ಅಲ್ಲ, ಹಳೆಯವು. ಬಾರಕಪುರದಲ್ಲಿ ಮಾರ್ಚಿ 29ರಂದು ಮಂಗಲ ಪಾಂಡೆಯು ಮೇಲಧಿಕಾರಿಗಳ ಮೇಲೆ ಹಾರಿಸಿದ ಬಂದೂಕೂ ಹಳೆಯ ಕಾಲದ್ದೇ. ಅವನನ್ನು ಏಪ್ರಿಲ್ 8ರಂದು ಗಲ್ಲಿಗೇರಿಸಿದರು.

ಮೀರತ್ತಿನ ಸಂಗತಿ ಇನ್ನೂ ವಿಚಿತ್ರವಾದುದು. ಅಲ್ಲಿನ ಮೂರನೆಯ ಸವಾರರ ಪಡೆಯ ಕರ್ನಲನು ಏಪ್ರಿಲ್ 24ರಂದು 90 ಜನರನ್ನು ಮೈದಾನಕ್ಕೆ ಕರೆದನು. ಕಚ್ಚದೆ ಬೆರಳಿನಿಂದ ಹರಿಯುವ ಹೊಸ ಕ್ರಮವನ್ನು ಕಲಿಸಿ ಸಂದೇಹವನ್ನು ಹೋಗಲಾಡಿಸುವುದೇ ಅವನ ಉದ್ದೇಶವೆಂದು ಅವನು ಹೇಳಿಕೊಂಡನು. ಕಾಡತೂಸುಗಳು ಬಹುಕಾಲದಿಂದ ಬಳಕೆಯಲ್ಲಿದ್ದ ಹಳೆಯ ಮಾದರಿಯವು. ಸವಾರರ ಕೈಯಲ್ಲಿದ್ದುದು ಎನ್‌ಫೀಲ್ಡ್ ಅಲ್ಲ, ಗಿಡ್ಡ ಬಂದೂಕು. ಆದರೂ 85 ಮಂದಿ ಮುಟ್ಟೆವೆಂದರು. ವಿಚಾರಣೆ ನಡೆದು ಕಠಿನ ಶಿಕ್ಷೆ ವಿಧಿಸಲ್ಪಟ್ಟಿತು. ಮೇ 9ರಂದು ಎಲ್ಲ ಪಲ್ಟಣಿಗಳ ಎದುರಿನಲ್ಲಿ ಅವರ ಅಂಗಿಗಳನ್ನು ಕಳಚಿಸಿ ಕಾಲಿಗೆ ಬೇಡಿ ಜಡಿದರು. ವರ್ಷಗಟ್ಟಲೆ ಸೇವೆ ಮಾಡಿ ಮೀಸೆ ನರೆತವರೂ ಅವರಲ್ಲಿದ್ದರು. ಮಾರನೆಯ ದಿನ ಸಂಜೆ ಮೀರತ್ತು ಹೊತ್ತಿಕೊಂಡಿತು.

ಆ ಸಂಜೆ ಮೀರತ್ತಿನಲ್ಲಿ ಎನ್‌ಫೀಲ್ಡ್ ಬಂದೂಕು ಇದ್ದುದು ಯಾರ ಬಳಿ? 60ನೆಯ ರೈಫಲ್ಸ್ ಎಂಬ ಆಂಗ್ಲರ ಪಡೆಯ ಬಳಿ. ಆ ಪಡೆಯೇ ಮುಂದೆ ದಿಲ್ಲಿಯ ದಿಣ್ಣೆಯ ಮೇಲೆ ನಿಂತು, ಹಳೆಯ ನುಣುಪು ನಳಿಗೆಯ ಬಂದೂಕುಗಳಿಂದ ಕಾದುತ್ತಿದ್ದ ಸಿಪಾಯಿಗಳನ್ನು ದೂರದಿಂದಲೇ ಕೆಡಹಿತು. ಯಾವ ಬಂದೂಕಿನ ಕಾಗದವನ್ನು ಕಚ್ಚಲಾರೆವೆಂದು ಸಿಪಾಯಿಗಳು ಎದ್ದರೋ, ಆ ಬಂದೂಕನ್ನು ಅವರಲ್ಲಿ ಹೆಚ್ಚಿನವರು ಕೈಯಲ್ಲಿ ಹಿಡಿದಿರಲೇ ಇಲ್ಲ. ಅದರ ಗುಂಡನ್ನು ಮಾತ್ರ ಎದೆಯಲ್ಲಿ ಹಿಡಿದರು. ನಮ್ಮ ಮಟ್ಟಿಗೆ ಹೇಳುವುದಾದರೆ, 1857ನ್ನು ಕುರಿತ ಯಾವ ಚಿತ್ರವನ್ನು ನೋಡುವಾಗಲೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ತೆರೆಯ ಮೇಲಣ ಸತ್ಯಾಸತ್ಯಗಳು ಬಹುಮಟ್ಟಿಗೆ ತಾವಾಗಿಯೇ ಬೇರೆಯಾಗುತ್ತವೆ.

ಇನ್ನು ಚಿತ್ರಗಳನ್ನು ನೋಡೋಣ. ಸೋಹ್ರಾಬ್ ಮೋದಿಯವರ 'ಝಾನ್ಸಿ ಕಿ ರಾಣಿ' 1953ರಲ್ಲಿ ಹೊರಬಿದ್ದಿತು. ಟೆಕ್ನಿಕಲರ್ ಎಂಬ ವರ್ಣಪದ್ಧತಿಯಲ್ಲಿ ನಮ್ಮ ದೇಶದಲ್ಲಿ ತೆಗೆದ ಮೊದಲ ಚಿತ್ರಗಳಲ್ಲಿ ಅದೂ ಒಂದು. ಅದಕ್ಕೆ ಛಾಯಾಗ್ರಹಣ ಮಾಡಿದ ಅರ್ನೆಸ್ಟ್ ಹಾಲರ್ ಎಂಬಾತನು 1939ರ 'ಗಾನ್ ವಿತ್ ದಿ ವಿಂಡ್' ಎಂಬ ಅಮೆರಿಕದ ಅಂತರ್ಯುದ್ಧದ ಚಿತ್ರಕ್ಕೆ ಕೆಲಸ ಮಾಡಿದವನು. ಕೆಲವೇ ವರ್ಷಗಳ ಅಂತರದಲ್ಲಿ ನಡೆದ ಎರಡು ಯುದ್ಧಗಳನ್ನು ಒಬ್ಬನೇ ಮನುಷ್ಯನ ಕಣ್ಣು ತೆರೆಗೆ ತಂದಿತೆಂಬುದು ಕುತೂಹಲದ ಸಂಗತಿ. ಝಾನ್ಸಿಯ ಚಿತ್ರದ ಜೀವ ಕತ್ತಿಯಲ್ಲಿದೆ, ಕುದುರೆಯಲ್ಲಿದೆ, ಕೋಟೆಯ ಫಿರಂಗಿಯಲ್ಲಿದೆ. ಬಂದೂಕು ಅಲ್ಲಿ ಹಿನ್ನೆಲೆಯ ವಾದ್ಯ. 1978ರಲ್ಲಿ ಶ್ಯಾಮ ಬೆನೆಗಲ್ಲರು ತೆಗೆದ 'ಜುನೂನ್' ಶಾಹಜಹಾನಪುರದ ಕಥೆ. ರಸ್ಕಿನ್ ಬಾಂಡರ ಒಂದು ಕಥೆಯನ್ನು ಆಧರಿಸಿದುದು. ಅದು ಬಂದೂಕಿಗಿಂತ ಮನೆಯೊಳಗಿನ ಭಯವನ್ನೂ ಮೋಹವನ್ನೂ ತೋರಿಸುವ ಚಿತ್ರ. ಕುಟುಂಬದವರು ಕೂಡಿ ನೋಡಿ ಮಾತನಾಡಬಹುದಾದ ಗಂಭೀರ ಕೃತಿ; ಎಳೆಯ ಮಕ್ಕಳಿಗೆ ಮಾತ್ರ ತಕ್ಕುದಲ್ಲ.

ಎನ್‌ಫೀಲ್ಡ್ ಬಂದೂಕನ್ನೇ ಕಥೆಯ ನಡುವಿನಲ್ಲಿಟ್ಟುದು ಕೇತನ್ ಮೆಹತರ 2005ರ 'ಮಂಗಲ್ ಪಾಂಡೆ: ದಿ ರೈಸಿಂಗ್'. ಆಮೀರ್ ಖಾನರು ಪಾಂಡೆಯಾಗಿಯೂ ಟೋಬಿ ಸ್ಟೀಫನ್ಸ್ ಎಂಬ ಆಂಗ್ಲ ನಟನು ಅವನ ಸ್ನೇಹಿತನಾದ ಅಧಿಕಾರಿಯಾಗಿಯೂ ಅಭಿನಯಿಸಿದರು. ಹೊಸ ಬಂದೂಕನ್ನು ಸಿಪಾಯಿಗಳಿಗೆ ಪರಿಚಯಿಸುವುದು, ಕಾಡತೂಸನ್ನು ಕಂಡು ಅವರು ಹಿಂಜರಿಯುವುದು, ಸ್ನೇಹದ ಮಾತನ್ನು ನಂಬಬೇಕೋ ಧರ್ಮದ ಅಂಜಿಕೆಯನ್ನು ನಂಬಬೇಕೋ ಎಂಬ ತೊಳಲಾಟ ಇವೆಲ್ಲ ಆ ಚಿತ್ರದಲ್ಲಿ ಬರುತ್ತವೆ. ಚರಿತ್ರೆಯ ವಿವರಗಳಲ್ಲಿ ಅದು ಧಾರಾಳವಾಗಿ ಸ್ವಾತಂತ್ರ್ಯ ವಹಿಸಿದೆಯೆಂದು ಆಗಲೇ ಆಕ್ಷೇಪಗಳು ಬಂದುವು, ಅವು ಸಕಾರಣವಾದುವೇ. ಆದರೂ ಒಂದು ಚೂರು ಕಾಗದವು ಹಲ್ಲಿಗೂ ಆತ್ಮಕ್ಕೂ ನಡುವೆ ನಿಂತ ಕ್ಷಣವನ್ನು ಮುಖ್ಯವೆಂದು ತಿಳಿದುದಕ್ಕಾಗಿ ನಾವು ಆ ಚಿತ್ರವನ್ನು ಮೆಚ್ಚುವೆವು. ತೆರೆಯ ಮೇಲಿನ ಇತರ ನೂರು ಯುದ್ಧಗಳಲ್ಲಿ ಬಂದೂಕು ತಾನಾಗಿಯೇ ತುಂಬಿಕೊಳ್ಳುತ್ತದೆ. ಸಿಪಾಯಿ ಹೊಡೆಯುತ್ತಾನೆ, ಓಡುತ್ತಾನೆ, ಮತ್ತೆ ಹೊಡೆಯುತ್ತಾನೆ. ತುಂಬುವ ಕೆಲಸವನ್ನೇ ಬಿಟ್ಟಮೇಲೆ 1857 ಏಕೆ ನಡೆಯಿತೆಂಬುದನ್ನು ಮಗುವಿಗೆ ತಿಳಿಸುವುದಾದರೂ ಹೇಗೆ?

ಕನ್ನಡದ ಚಿತ್ರಗಳಲ್ಲಿ ಎನ್‌ಫೀಲ್ಡನ್ನು ಹುಡುಕುವವರು ಒಂದು ಮಾತನ್ನು ಗಮನಿಸಬೇಕು. ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' 1961ರಲ್ಲಿ ಬಂದಿತು, ಸಂಗೊಳ್ಳಿ ರಾಯಣ್ಣನ ಚಿತ್ರ 2012ರಲ್ಲಿ ಬಂದಿತು. ಥ್ಯಾಕರೆಯು ಕಿತ್ತೂರಿನ ಬಾಗಿಲಲ್ಲಿ ಬಿದ್ದುದು 1824ರ ಅಕ್ಟೋಬರಿನಲ್ಲಿ. ರಾಯಣ್ಣನು ನಂದಗಡದಲ್ಲಿ ಗಲ್ಲಿಗೇರಿದುದು 1831ರಲ್ಲಿ. ಆಗ ಸೈನ್ಯದಲ್ಲಿ ಕೇಪು ಇನ್ನೂ ಬಂದಿರಲಿಲ್ಲ. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹತ್ತಿಸುತ್ತಿದ್ದರು. ಆದುದರಿಂದ ಈ ಕಥೆಗಳ ಚಿತ್ರಗಳಲ್ಲಿ ಕೇಪಿನ ಬಂದೂಕು ಕಂಡರೆ ಅದು ಮುಂದಿನ ಕಾಲದಿಂದ ಎರವಲು ಬಂದುದೆಂದು ತಿಳಿಯಬೇಕು. ಎನ್‌ಫೀಲ್ಡಿನ ಕಾಲಕ್ಕೆ ಸೇರಿದ ಕನ್ನಡನಾಡಿನ ಕಥೆ ಹಲಗಲಿಯದು. ದಂಗೆಯ ಭಯದಿಂದ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಮಾಡಿದಾಗ, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಆ ಸಣ್ಣ ಊರಿನ ಬೇಡರು ಕೊಡೆವೆಂದು ನಿಂತರು. ಊರಿಗೆ ಬೆಂಕಿ ಬಿದ್ದಿತು, ಹಲವರನ್ನು ಗಲ್ಲಿಗೇರಿಸಿದರು. ಉತ್ತರದಲ್ಲಿ ಹೊಸ ಬಂದೂಕನ್ನು ಬೇಡವೆಂದವರು ಸತ್ತರು, ಇಲ್ಲಿ ಹಳೆಯ ಆಯುಧವನ್ನು ಬಿಡೆವೆಂದವರು ಸತ್ತರು. ಲಾವಣಿಕಾರರು ಈ ಕಥೆಯನ್ನು ಹಾಡಿ ಉಳಿಸಿದರು. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನೇ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚುಹಾಕಿಸಿದನು.

ಕಡಲಾಚೆಗೆ ಹೋದರೆ ಈ ಬಂದೂಕು ಬೇರೆಯೇ ಮುಖದಿಂದ ಕಾಣುತ್ತದೆ. ಅಮೆರಿಕದ ಅಂತರ್ಯುದ್ಧ 1861ರಿಂದ 1865ರವರೆಗೆ ನಡೆಯಿತು. ಎರಡು ಪಕ್ಷದವರೂ ಇಂಗ್ಲೆಂಡಿನಿಂದ ಎನ್‌ಫೀಲ್ಡುಗಳನ್ನು ತರಿಸಿಕೊಂಡರು. ಒಟ್ಟು ಒಂಬತ್ತು ಲಕ್ಷದವರೆಗೆ ಎಂದು ಅಂದಾಜು ಮಾಡಿರುವರು. ಎಡ್ವರ್ಡ್ ಜ್ವಿಕ್ ಎಂಬಾತನು 1989ರಲ್ಲಿ ತೆಗೆದ 'ಗ್ಲೋರಿ' ಎಂಬ ಚಿತ್ರವು ಮ್ಯಾಸಚೂಸೆಟ್ಸಿನ 54ನೆಯ ಪಲ್ಟಣಿಯ ಕಥೆ. ಗುಲಾಮಗಿರಿಯನ್ನು ಕಂಡ ನೀಗ್ರೋ ಜನಾಂಗದವರನ್ನು, ಈಗಿನ ಮಾತಿನಲ್ಲಿ ಕಪ್ಪು ಜನರನ್ನು, ಸೇರಿಸಿ ಉತ್ತರದವರು ಕಟ್ಟಿದ ಮೊದಲ ಪಡೆಗಳಲ್ಲಿ ಅದೊಂದು. ಅವರಿಗೆ ಬಹಳ ದಿನ ಬಂದೂಕೇ ಕೊಡುವುದಿಲ್ಲ. ಕೊನೆಗೆ ಎನ್‌ಫೀಲ್ಡುಗಳ ಪೆಟ್ಟಿಗೆಗಳು ಬಂದಾಗ ಆ ಜನರ ಮುಖದಲ್ಲಿ ಮೂಡುವ ಬೆಳಕನ್ನು ನೋಡಬೇಕು. ನಮ್ಮ ಸಿಪಾಯಿಗಳು ಯಾವುದನ್ನು ಧರ್ಮಹಾನಿಯೆಂದು ಕಂಡರೋ ಅದೇ ವಸ್ತು ಅಲ್ಲಿ ಮನುಷ್ಯತ್ವದ ಮುದ್ರೆಯಾಗುತ್ತದೆ. ಅಲ್ಲಿಯೂ ಕಾಡತೂಸಿಗೆ ಕೊಬ್ಬು ಸವರುತ್ತಿದ್ದರು, ಅಲ್ಲಿಯೂ ಕಚ್ಚುತ್ತಿದ್ದರು. ಯಾರಿಗೂ ಅದು ಪ್ರಶ್ನೆಯಾಗಲಿಲ್ಲ.

ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಗುರಿಯಿಡುವುದರಲ್ಲಿ ಜಾಣನಾದ ಒಬ್ಬ ಸಿಪಾಯಿಯನ್ನು ಕರ್ನಲನು ಹೊಗಳಿ, ಮತ್ತೊಮ್ಮೆ ತುಂಬು ಎನ್ನುತ್ತಾನೆ. ತುಂಬುತ್ತಿರುವಾಗ ಅವನ ಕಿವಿಯ ಬಳಿಯಲ್ಲಿ ಪಿಸ್ತೂಲು ಹಾರಿಸುತ್ತ ಬೇಗ ಬೇಗ ಎಂದು ಅಬ್ಬರಿಸುತ್ತಾನೆ. ನಗುತ್ತಿದ್ದವನ ಕೈ ನಡುಗುತ್ತದೆ, ಹೊಂದಿಕೊಂಡಿದ್ದ ಕೆಲಸವೆಲ್ಲ ತಪ್ಪುತ್ತದೆ. ಬಾಯಿಂದ ತುಂಬುವ ಬಂದೂಕನ್ನು ಕುರಿತು ತೆರೆಯ ಮೇಲೆ ಇದಕ್ಕಿಂತ ಸತ್ಯವಾದ ದೃಶ್ಯವನ್ನು ನಾವು ಕಂಡಿಲ್ಲ. 1863ರ ಜುಲೈಯಲ್ಲಿ ಗೆಟಿಸ್‌ಬರ್ಗಿನ ಯುದ್ಧವಾದಮೇಲೆ ರಣಭೂಮಿಯಿಂದ ಆಯ್ದು ತಂದ ಸುಮಾರು 27,000 ಬಂದೂಕುಗಳಲ್ಲಿ 24,000 ಹೊಡೆಯದೆ ತುಂಬಿದಂತೆಯೇ ಇದ್ದುವೆಂದೂ, ಅವುಗಳಲ್ಲಿ ಅರ್ಧದಷ್ಟರೊಳಗೆ ಗುಂಡಿನ ಮೇಲೆ ಗುಂಡು ಇಳಿದಿತ್ತೆಂದೂ ಆ ಕಾಲದವರು ವರದಿ ಮಾಡಿದರು. ಭಯದಲ್ಲಿ, ಗದ್ದಲದಲ್ಲಿ, ತನ್ನ ಬಂದೂಕು ಹಾರಿತೋ ಇಲ್ಲವೋ ಎಂಬುದೇ ತಿಳಿಯದೆ ತುಂಬಿದುದನ್ನೇ ಮತ್ತೆ ತುಂಬಿದ ಆ ಹುಡುಗರನ್ನು ನೆನೆದರೆ, ಯುದ್ಧವೆಂಬುದು ಹಾಡಿಕೊಳ್ಳತಕ್ಕ ವಸ್ತುವಾಗಿ ಕಾಣುವುದಿಲ್ಲ. 54ನೆಯ ಪಲ್ಟಣಿಯೂ ಅದೇ ತಿಂಗಳ 18ರಂದು ವ್ಯಾಗ್ನರ್ ಎಂಬ ಕೋಟೆಯ ಮೇಲೆ ನುಗ್ಗಿ ಅರ್ಧಕ್ಕೆ ಹತ್ತಿರ ಮಂದಿಯನ್ನು ಕಳೆದುಕೊಂಡಿತು. ಕರ್ನಲನೂ ಅಲ್ಲಿಯೇ ಬಿದ್ದನು.

ಅದೇ ಜ್ವಿಕ್ 2003ರಲ್ಲಿ 'ದಿ ಲಾಸ್ಟ್ ಸಮುರಾಯ್' ಎಂಬ ಜಪಾನಿನ ಕಥೆಯನ್ನು ತೆಗೆದಾಗಲೂ ಈ ತುಂಬುವ ದೃಶ್ಯವನ್ನು ಬಿಡಲಿಲ್ಲ. ನೇಗಿಲು ಬಿಟ್ಟು ಬಂದ ರೈತನ ಮಗನಿಗೆ ಅಮೆರಿಕದ ಅಧಿಕಾರಿಯು ತನ್ನನ್ನೇ ಹೊಡೆಯೆನ್ನುತ್ತಾನೆ. ಅವನ ಕೈ ನಡುಗಿ ಬಂದೂಕು ತುಂಬುವುದೇ ಆಗುವುದಿಲ್ಲ. ದೃಶ್ಯ ಚೆನ್ನಾಗಿದೆ, ಚರಿತ್ರೆ ಮಾತ್ರ ಸಡಿಲ. 1877ರ ಸತ್ಸುಮಾ ದಂಗೆಯ ವೇಳೆಗೆ ಜಪಾನಿನ ಚಕ್ರವರ್ತಿಯ ಸೈನ್ಯದ ಕೈಗೆ ಹಿಂಬದಿಯಿಂದ ತುಂಬುವ ಬಂದೂಕುಗಳು ಬಂದಿದ್ದುವು. ಎದುರಿಗಿದ್ದ ಸಮುರಾಯಿಗಳೂ ಬರಿಯ ಕತ್ತಿಯಿಂದಲ್ಲ, ಬಂದೂಕು ಹಿಡಿದೇ ಕಾದಿದರು.

ತೆರೆಯ ಹಿಂದಿನ ಕೆಲವು ಗುಟ್ಟುಗಳನ್ನೂ ಹೇಳಿಬಿಡುವೆವು. ಹಾಲಿವುಡ್ಡಿನ ಹಳೆಯ ಚಿತ್ರಗಳಲ್ಲಿ ಅಂತರ್ಯುದ್ಧದ ಸಿಪಾಯಿಗಳ ಕೈಗೆ ಅನೇಕ ವೇಳೆ ಕೊಡುತ್ತಿದ್ದುದು ಆಮೇಲಿನ ಕಾಲದ, ಬುಡದಲ್ಲಿ ಮುಚ್ಚಳ ತೆರೆದು ತುಂಬುವ ಸ್ಪ್ರಿಂಗ್‌ಫೀಲ್ಡ್ ಬಂದೂಕು. ಅದು ಅಗ್ಗವಾಗಿ ರಾಶಿಗಟ್ಟಲೆ ದೊರೆಯುತ್ತಿತ್ತು, ಬೇಗ ತುಂಬಬಹುದಾಗಿತ್ತು, ದೂರದಿಂದ ನೋಡಿದರೆ ಹೊರರೂಪ ಒಂದೇ. ಆಮೇಲೆ ಇಂಗ್ಲೆಂಡಿನಲ್ಲಿಯೂ ಇಟಲಿಯಲ್ಲಿಯೂ ಎನ್‌ಫೀಲ್ಡಿನ ನಕಲುಗಳನ್ನು ಹೊಸದಾಗಿ ಮಾಡತೊಡಗಿದರು. ಹಳೆಯ ಯುದ್ಧಗಳನ್ನು ಉಡುಪು ತೊಟ್ಟು ಅಭಿನಯಿಸುವ ಹವ್ಯಾಸದವರು ಅವನ್ನು ಕೊಂಡರು. 1993ರ 'ಗೆಟಿಸ್‌ಬರ್ಗ್' ಚಿತ್ರದಲ್ಲಿ ಅಂಥವರು ಸಾವಿರಗಟ್ಟಲೆ ತಮ್ಮ ತಮ್ಮ ಬಂದೂಕುಗಳೊಡನೆ ಬಂದು ನಿಂತರು. ಇವರ ಸಾಲುಗಳನ್ನು ಗಮನವಿಟ್ಟು ನೋಡಿದರೆ ಎಷ್ಟೋ ವೇಳೆ ಗಜವನ್ನು ಎಳೆದು ಗಿಡಿಯುವ ಕೆಲಸ ಕಾಣಿಸದು. ಅದು ಸೋಮಾರಿತನವಲ್ಲ. ಆತುರದಲ್ಲಿ ಗಜವನ್ನು ನಳಿಗೆಯಲ್ಲಿಯೇ ಮರೆತು ಹಾರಿಸಿದರೆ ಅದು ಈಟಿಯಾಗಿ ಎದುರಿಗಿರುವವನನ್ನು ಚುಚ್ಚುವ ಅಪಾಯವಿದೆ. ಆದಕಾರಣ ಗುಂಡಿಲ್ಲದ ಮದ್ದನ್ನು ಮಾತ್ರ ಸುರಿದು ಹಾರಿಸುತ್ತಾರೆ. ಗುಂಡಿಲ್ಲದುದರಿಂದ ಹೆಗಲಿಗೆ ಒದೆಯೂ ಇಲ್ಲ. ಮಲೆನಾಡಿನ ಹಿರಿಯರು ಇಂಥ ದೃಶ್ಯವನ್ನು ಕಂಡು ನಕ್ಕರೆ ಅದು ನ್ಯಾಯವೇ. ಹೊಗೆಯ ವಿಷಯದಲ್ಲಿಯೂ ಹಾಗೆ. ಕರಿಮದ್ದಿನ ಹೊಗೆ ಬಿಳಿಯ ಗೋಡೆಯಂತೆ ಏಳುತ್ತದೆ. ಎರಡು ಮೂರು ಸಲ ಸಾಲು ಹೊಡೆದರೆ ಎದುರಿನವರು ಕಾಣುವುದಿಲ್ಲ. ಆದರೆ ನಾಯಕನ ಮುಖ ಕಾಣದಿದ್ದರೆ ಚಿತ್ರ ತೆಗೆಯುವವರಿಗೆ ನಡೆಯುವುದೆಂತು?

ಯಾವ ಚಿತ್ರವೂ ತೋರಿಸದ ಸಂಗತಿಯೊಂದು ಉಳಿದಿದೆ. ದಂಗೆ ಅಡಗಿದ ಮೇಲೆ ಸರಕಾರವು ದೇಶೀಯ ಪಲ್ಟಣಿಗಳಿಗೆ ಹೊಸ ಬಂದೂಕುಗಳನ್ನು ಕೊಡಲು ಮಾಡಿಸಿತು. ನೋಡಿದರೆ ಅದು ಎನ್‌ಫೀಲ್ಡೇ: ಅದೇ ಉದ್ದ, ಅದೇ ಮರ, ಅದೇ ಸುತ್ತಿಗೆ, ಅದೇ ಕೇಪು. ಆದರೆ ನಳಿಗೆಯ ಒಳಗಿನ ಸುರುಳಿ ತೋಡುಗಳನ್ನು ಬಿಟ್ಟು, ಬಾಯಿಯನ್ನು ಅಂಗುಲದ ಸಾವಿರ ಭಾಗದಲ್ಲಿ 656 ಭಾಗಕ್ಕೆ ಅಗಲಿಸಿ, ಒಳಮೈಯನ್ನು ನುಣುಪಾಗಿ ಮಾಡಿದ್ದರು. 1858ನೆಯ ಮಾದರಿಯೆಂದು ಅದಕ್ಕೆ ಹೆಸರು. ಆಂಗ್ಲ ಸಿಪಾಯಿಯ ಬಂದೂಕು ಮುನ್ನೂರು ಗಜಕ್ಕೆ ಮುಟ್ಟಿದರೆ, ಪಕ್ಕದಲ್ಲಿಯೇ ನಿಂತ ದೇಶೀಯ ಸಿಪಾಯಿಯದು ಅಜ್ಜನ ಕಾಲದ ನೂರು ಗಜಕ್ಕೇ ನಿಲ್ಲುತ್ತಿತ್ತು. ಕವಾಯತಿನ ಮೈದಾನದಲ್ಲಿ ಎರಡು ಸಾಲುಗಳೂ ಒಂದೇ ಬಗೆಯಾಗಿ ಕಾಣುತ್ತಿದ್ದುವು. ಕ್ಯಾಮರಾ ಆಗ ಅಲ್ಲಿದ್ದಿದ್ದರೂ ವ್ಯತ್ಯಾಸವನ್ನು ಹಿಡಿಯುತ್ತಿರಲಿಲ್ಲ. ತನ್ನ ಬಂದೂಕಿನ ಬಾಯಿಯೊಳಕ್ಕೆ ಬೆರಳು ತೂರಿಸಿ ನೋಡಿದ ಸಿಪಾಯಿಗೆ ಮಾತ್ರ ಅದು ತಿಳಿಯುತ್ತಿತ್ತು.